ಎರಡು ಗುಳಿ, ಒಂದು ಕೊಳವೆ

ನೀರನ್ನು ಓಡಾಡಿಸುವುದಕ್ಕಿಂತ ಸುಮ್ಮನೆ ನಿಲ್ಲಿಸುವುದು ದುಬಾರಿ. ನಮ್ಮ ಈಜುಕೊಳದ ಪಂಪು ಒಂದು ದಿನ ಓಡಿದರೆ ಕರೆಂಟಿಗೆ ಮೂವತ್ತೆಂಟು ಯೂರೋ. ಪಂಪು ನಿಲ್ಲಿಸಿದರೆ ಅಷ್ಟು ಉಳಿಯಿತು ಎಂದು ನಮ್ಮ ಕ್ಲಬ್ಬಿನ ಅಧ್ಯಕ್ಷರಂಥವರು ತಿಳಿಯಬಹುದು. ಆದರೆ ಆಗಸ್ಟ್ ಬಿಸಿಲಿನಲ್ಲಿ ನಿಂತ ನೀರು ಎರಡನೇ ದಿನಕ್ಕೇ ಗೋಡೆಗೆ ಪಾಚಿ ಹಿಡಿಸುತ್ತದೆ. ಆ ಪಾಚಿ ಸಾಯಲು ಹತ್ತು ಕಿಲೋ ಕ್ಲೋರಿನ್ ಬೇಕು, ಅರವತ್ತೈದು ಯೂರೋ. ಉಜ್ಜುವುದಕ್ಕೆ ನನ್ನ ಬೆನ್ನು ಬೇಕು, ಅದಕ್ಕೆ ಇದುವರೆಗೆ ಯಾರೂ ಬೆಲೆ ಕಟ್ಟಿಲ್ಲ. ಏಳು ಯೂರೋದ ಒಂದು ಸೀಸೆ ಊಝೊ, ನಮ್ಮ ಸೋಂಪಿನ ಮದ್ಯ, ಅದನ್ನೂ ಸೇರಿಸಿಕೊಳ್ಳಿ. ಬೇಕರಿಯವನ ದೊಡ್ಡ ದುಂಡು ತಟ್ಟೆ ಎರವಲು ತಂದದ್ದು, ಅದು ಲೆಕ್ಕಕ್ಕಿಲ್ಲ. ಒಬ್ಬ ಹುಡುಗಿಯ ಆರು ವರ್ಷದ ಓದು ಈ ಖರ್ಚಿನ ಮೇಲೆ ನಿಂತಿತ್ತು. ಹಾಗಾಗಿ ಹೆಚ್ಚಾಯಿತು ಎಂದು ನಾನು ಹೇಳಲಾರೆ.

ನಾನು ಕಲಿಮ್ನೋಸ್ ದ್ವೀಪದವನು. ಹೆಸರು ಸಕೆಲ್ಲಾರಿಸ್. ನಮ್ಮ ಕಡೆ ಗಂಡಸಾಗಿ ಹುಟ್ಟಿದವನು ಸಮುದ್ರದ ತಳಕ್ಕಿಳಿದು ಸ್ಪಂಜು ಕೊಯ್ಯುತ್ತಿದ್ದ. ನನಗೆ ಇಪ್ಪತ್ತನಾಲ್ಕಾದಾಗ ಸ್ಪಂಜಿಗೆ ರೋಗ ಬಂತು. ಮುಟ್ಟಿದರೆ ಕೈಯಲ್ಲೇ ಕೊಳೆತು ಉದುರುತ್ತಿತ್ತು. ಆಗ ಹೆಂಡತಿಯನ್ನು ಕಟ್ಟಿಕೊಂಡು ಪಿರಾಯಸ್ ಬಂದರಿನ ಹಿಂದಿನ ಗುಡ್ಡಕ್ಕೆ ಬಂದವನು ಈ ಕೊಳದ ಉಸ್ತುವಾರಿಗೆ ಸೇರಿದೆ. ಮೂವತ್ತಮೂರು ವರ್ಷವಾಯಿತು.

ಆ ಹುಡುಗಿ ಬಂದದ್ದು ಆಗಸ್ಟ್ ಹದಿನೇಳಕ್ಕೆ. ದೇವಮಾತೆಯ ಹಬ್ಬ ಮುಗಿದು ಎರಡು ದಿನ. ಊರಿನವರೆಲ್ಲ ತಮ್ಮ ತಮ್ಮ ಹಳ್ಳಿಗೆ, ದ್ವೀಪಕ್ಕೆ ಹೋಗಿದ್ದರು. ರಸ್ತೆಯಲ್ಲಿ ಬೆಕ್ಕುಗಳು ಮಾತ್ರ. ನಾನು ಗೇಟಿನ ಹತ್ತಿರ ನೆರಳಿನಲ್ಲಿ ಕುಳಿತು ಪೀಚ್ ಹಣ್ಣು ಹೆಚ್ಚುತ್ತಿದ್ದೆ.

"ಬಾರ್ಬಾ, ಕೊಳ ಮುಚ್ಚಿದೆಯಾ?"

ಬಾರ್ಬಾ ಎಂದರೆ ದೊಡ್ಡಪ್ಪನ ವಯಸ್ಸಿನ ಕೆಲಸಗಾರನನ್ನು ಕರೆಯುವ ಮಾತು. ಅದಕ್ಕೆ ನಾನು ಒಪ್ಪಿಕೊಂಡು ಬಹಳ ವರ್ಷವಾಯಿತು.

"ಬೋರ್ಡು ಓದಕ್ಕೆ ಬರಲ್ವಾ ಮಗಳೇ? ಸೆಪ್ಟೆಂಬರ್ ಒಂದಕ್ಕೆ ಬಾ."

"ಮುಚ್ಚಿದೆ ಅಂತಾನೇ ಬಂದೆ. ನಂಗೆ ಈಜಕ್ಕೆ ಬೇಡ. ಯಾರೂ ಈಜದೇ ಇರೋ ನೀರು ಬೇಕು."

ಮೂವತ್ತರ ಆಸುಪಾಸಿನವಳು. ಮೂಗಿನ ತುದಿ ಬಿಸಿಲಿಗೆ ಸುಲಿದಿತ್ತು. ಕಂಕುಳಲ್ಲಿ ಪಾರದರ್ಶಕ ಪ್ಲಾಸ್ಟಿಕ್ಕಿನ ಒಂದು ದುಂಡು ಬಿಲ್ಲೆ. ಬಸ್ಸಿನಲ್ಲಿ ಅದನ್ನು ಹಿಡಿದುಕೊಂಡು ಬಂದು ಕೈಯೆಲ್ಲ ಬೆವೆತಿತ್ತು. ಹೆಸರು ಝಿನೋವಿಯಾ. ಪಾಲಿಟೆಕ್ನಿಕ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮಾಡುತ್ತಿದ್ದಾಳಂತೆ.

"ಯಾವುದರಲ್ಲಿ?"

"ಶಸ್ತ್ರಚಿಕಿತ್ಸೆ. ಮನುಷ್ಯರಿಗಲ್ಲ, ಆಕಾರಗಳಿಗೆ."

"ಆಕಾರಕ್ಕೇನು ಕಾಯಿಲೆ?"

ಅವಳು ನಕ್ಕು ನನ್ನ ಮುಂದಿನ ಪೀಚ್ ಒಂದನ್ನು ಕೈಗೆ ತೆಗೆದುಕೊಂಡಳು. "ಈಗ ನೋಡಿ. ಇದರ ಸಿಪ್ಪೆಯಲ್ಲಿ ಎರಡು ಕಡೆ ದುಂಡಗೆ ಕತ್ತರಿಸಿ ತೆಗೆದೆ ಅನ್ನಿ. ಎರಡು ತೂತು, ಎರಡು ಅಂಚು. ಒಂದು ಕೊಳವೆ ತಗೊಂಡು ಅದರ ಒಂದು ಬಾಯಿ ಈ ಅಂಚಿಗೆ, ಇನ್ನೊಂದು ಬಾಯಿ ಆ ಅಂಚಿಗೆ ಹೊಲಿದೆ. ಉಂಡೆಯಾಗಿದ್ದದ್ದು ಕುಲೂರಿ ಆಯ್ತು."

ಕುಲೂರಿ ಎಂದರೆ ಎಳ್ಳು ಮೆತ್ತಿದ ಬಳೆಯಾಕಾರದ ಬ್ರೆಡ್ಡು. ದಿನಾ ಬೆಳಿಗ್ಗೆ ನಾವು ತಿನ್ನುವುದೇ ಅದು.

"ನಮ್ಮ ಬೇಕರಿಯವನು ಇದಕ್ಕೆ ಆರು ವರ್ಷ ತಗೊಳ್ಳಲ್ಲ," ಎಂದೆ.

"ಬೇಕರಿಯವನಿಗೆ ಕೈ ಇದೆ ಬಾರ್ಬಾ. ಪ್ರಕೃತಿ ಇದನ್ನೇ ಕೈಯಿಲ್ಲದೆ ಮಾಡುತ್ತೆ. ಎರಡು ಹನಿ ತಾಗಿ ಒಂದಾಗುತ್ತೆ. ಒಂದು ಹನಿ ಸೊಂಟ ಸಣ್ಣದಾಗಿ ಎರಡಾಗುತ್ತೆ. ಜೀವಕೋಶದೊಳಗೆ ಎರಡು ಎಳೆ ಅಡ್ಡ ಬಿದ್ದು, ಕಡಿದು, ತುದಿ ಅದಲುಬದಲಾಗಿ ಕೂಡಿಕೊಳ್ಳುತ್ತೆ. ಎಲ್ಲೂ ಕತ್ತರಿ ಇಲ್ಲ, ಸೂಜಿ ಇಲ್ಲ. ಗಣಿತದವರು ಕತ್ತರಿಸೋದು, ಹೊಲಿಯೋದು ಮಾತ್ರ ಬರೆದಿಟ್ರು. ನಡುವೆ ಏನಾಗುತ್ತೆ, ಯಾವ ಬಲ ಎಳೆಯುತ್ತೆ, ಅದನ್ನ ಬರೀತಿದೀನಿ ನಾನು."

"ಅದಕ್ಕೆ ನನ್ನ ನೀರು ಯಾಕೆ?"

ಅವಳು ಬಿಲ್ಲೆಯನ್ನು ತೋರಿಸಿದಳು. ಅದನ್ನು ಅರ್ಧ ಮುಳುಗಿಸಿ, ನೆಟ್ಟಗೆ ಹಿಡಿದು, ಅಗಲಕ್ಕೆ ನೀರನ್ನು ನೂಕಿ, ಮೆಲ್ಲಗೆ ಮೇಲಕ್ಕೆತ್ತಿದರೆ ನೀರಿನ ಮೇಲೆ ಎರಡು ಗುಳಿ ಹುಟ್ಟುತ್ತವಂತೆ, ಜೊತೆಜೊತೆಯಾಗಿ ಸಾಗುತ್ತವಂತೆ. ಲ್ಯಾಬಿನ ತೊಟ್ಟಿ ಚಿಕ್ಕದು, ಗೋಡೆಗೆ ಬಡಿದು ಸಾಯುತ್ತವೆ. ಸಮುದ್ರದಲ್ಲಿ ಅಲೆ.

ನಾನು ಚಾಕು ಕೆಳಗಿಟ್ಟೆ. ಈ ಗುಳಿಗಳು ನನಗೆ ಗೊತ್ತು. ಬೆಳಿಗ್ಗೆ ಪಂಪು ಹಾಕುವ ಮುಂಚೆ ಎಲೆ ತೆಗೆಯುವ ಬಲೆಯನ್ನು ಎತ್ತಿದಾಗ, ಕೊಳದ ತಳದಲ್ಲಿ ಎರಡು ಕಪ್ಪು ಬಿಲ್ಲೆಗಳ ನೆರಳು ಸರಿದು ಹೋಗುವುದನ್ನು ಮೂವತ್ತಮೂರು ವರ್ಷದಿಂದ ನೋಡಿದ್ದೇನೆ. ಪೊಲೀಸರ ಹಾಗೆ ಯಾವಾಗಲೂ ಇಬ್ಬರೇ. ಅವುಗಳಿಗೆ ಹೆಸರಿಡಬೇಕೆಂದು ನನಗೆ ಹೊಳೆದಿರಲಿಲ್ಲ.

"ಬಾ," ಎಂದೆ. "ನಿನ್ನ ಬಿಲ್ಲೆ ಇಟ್ಟುಬಿಡು, ಅದು ತೆಳು, ಬಾಗುತ್ತೆ. ಬೇಕರಿಯಿಂದ ತಟ್ಟೆ ತರ್ತೀನಿ."

ಬೇಕರಿಯವನು ಬೀಗ ಹಾಕಿ ಊರಿಗೆ ಹೋಗಿದ್ದ. ಬೀಗದ ಕೈ ನನ್ನ ಹತ್ತಿರವೇ ಇತ್ತು. ಒಂದು ಮೊಳ ಅಗಲದ ತಟ್ಟೆ ತಂದು, ಮಕ್ಕಳ ತುದಿಯಲ್ಲಿ, ಎದೆಮಟ್ಟದ ನೀರಿರುವ ಕಡೆ, ದಡದಲ್ಲಿ ಮಂಡಿಯೂರಿ ಎಳೆದೆ. ತಳದಲ್ಲಿ ಎರಡು ಕಪ್ಪು ನೆರಳು ಹೊರಟವು, ಅವಸರವಿಲ್ಲದ ದಂಪತಿಯಂತೆ. ಝಿನೋವಿಯಾ ಅವುಗಳ ಜೊತೆ ದಡದಲ್ಲೇ ನಡೆದಳು, ಹನ್ನೆರಡು ಹೆಜ್ಜೆ. ಆಮೇಲೆ ಕೂತುಬಿಟ್ಟಳು.

"ಆರು ವರ್ಷ ಇದನ್ನ ಕಾಗದದ ಮೇಲೆ ಬರೆದಿದೀನಿ," ಎಂದಳು. "ಕಣ್ಣಲ್ಲಿ ನೋಡಿದ್ದು ಇವತ್ತೇ."

ಅಂದು ಮಧ್ಯಾಹ್ನ ನನ್ನ ಹೆಂಡತಿ ಸೆವಾಸ್ತಿ ಕಳಿಸಿದ ಬದನೆಕಾಯಿ ತಿನ್ನುತ್ತ ಅವಳು ತನ್ನ ಸಂಕಟ ಹೇಳಿದಳು. ಅವಳ ಪ್ರಬಂಧಕ್ಕೆ ಮೂವರು ಮಾರ್ಗದರ್ಶಕರು, ಮೂವರ ಸಹಿಯೂ ಬೇಕು. ಇಬ್ಬರು ಹಾಕಿದ್ದಾರೆ. ಮೂರನೆಯವರು ಪ್ರೊಫೆಸರ್ ಕ್ರಿಕೋಸ್, ದ್ರವಗಳ ವಿಷಯದಲ್ಲಿ ಹಳೆಯ ಹುಲಿ. ಅವರಿಗೆ ಅರವತ್ತೇಳಾಯಿತು, ಆಗಸ್ಟ್ ಮೂವತ್ತೊಂದಕ್ಕೆ ನಿವೃತ್ತಿ. ಅಷ್ಟರೊಳಗೆ ಸಹಿ ಬೀಳದಿದ್ದರೆ ಕಡತ ಹೊಸಬರೊಬ್ಬರ ಕೈಗೆ ಹೋಗುತ್ತದೆ, ಅವರು ಮೊದಲಿನಿಂದ ಓದುತ್ತಾರೆ. ಅವಳ ವಿದ್ಯಾರ್ಥಿವೇತನ ಜೂನ್‌ನಲ್ಲೇ ಮುಗಿದಿತ್ತು. ಇನ್ನೊಂದು ವರ್ಷ ಅವಳಿಂದ ಆಗದು. ಓದು ಅಲ್ಲಿಗೇ ನಿಲ್ಲುತ್ತದೆ.

"ಏನಂತಾರೆ ಆ ಹುಲಿ?"

"ಮೇಲೆ ಎರಡು ಗುಳಿ ಕಾಣುತ್ತೆ, ಒಪ್ಪಿದೆ ಅಂತಾರೆ. ಕೆಳಗೆ ಅವೆರಡನ್ನೂ ಕೂಡಿಸೋ ಕೊಳವೆ ಇದೆ ಅಂತೀಯಲ್ಲ, ಅದು ನೀರಿನಲ್ಲಿದೆಯೋ, ನಿನ್ನ ಪೆನ್ಸಿಲಿನಲ್ಲಿದೆಯೋ ಅಂತ ಬರೆದಿದಾರೆ. ಅಂಚಿನಲ್ಲಿ, ಕೆಂಪು ಶಾಯಿಯಲ್ಲಿ."

"ತೋರಿಸು ಅವರಿಗೆ."

"ತೋರಿಸ್ಬೇಕು. ಕೊಳವೆ ಕಣ್ಣಿಗೆ ಕಾಣ್ಬೇಕು. ಆಮೇಲೆ ಅದನ್ನ ಕೆಳಗಡೆ ಕತ್ತರಿಸಿದ್ರೆ ಮೇಲಿನ ಎರಡು ಗುಳಿನೂ ಅಳಿಸಿಹೋಗ್ಬೇಕು. ಎರಡೂ ಬೇರೆ ಬೇರೆ ಆಗಿದ್ರೆ ಒಂದಕ್ಕೆ ನೋವಾದ್ರೆ ಇನ್ನೊಂದಕ್ಕೇನು?"

ಇದರ ಬಗ್ಗೆಯೇ ಅವಳು ನಲವತ್ತು ಪುಟದ ಒಂದು ಅಧ್ಯಾಯ, ಐದನೆಯದು, ಬರೆದಿದ್ದಳು. ಕೊಳವೆಯನ್ನು ಎಲ್ಲೇ ಕತ್ತರಿಸಿದರೂ ಎರಡು ಗುಳಿಯೂ ಒಂದೇ ಕ್ಷಣದಲ್ಲಿ ಹೋಗುತ್ತವೆ ಎಂದು ಅದರಲ್ಲಿ ಸಾಧಿಸಿದ್ದಳಂತೆ. ಅದನ್ನು ಹೊರದೇಶದ ಒಂದು ಪತ್ರಿಕೆ ಅಚ್ಚಿಗೆ ಒಪ್ಪಿಕೊಂಡೂ ಆಗಿತ್ತು. ಆ ಅಧ್ಯಾಯದ ಬಗ್ಗೆ ಹೇಳುವಾಗ ಅವಳ ಸುಲಿದ ಮೂಗಿಗೂ ಕಳೆ ಬರುತ್ತಿತ್ತು.

ನನಗೆ ಅಜ್ಜನ ನೆನಪಾಯಿತು. ಸಮುದ್ರದಲ್ಲಿ ಒಮ್ಮೊಮ್ಮೆ ಮೋಡ ಬಾಲ ಇಳಿಸುತ್ತದೆ, ಕೆಳಗೆ ನೀರು ಎದ್ದು ಅದಕ್ಕೆ ಬಾಯಿ ಕೊಡುತ್ತದೆ. ಎರಡೂ ಸೇರಿದರೆ ಸುತ್ತುವ ಕಂಬ. ದೋಣಿ ಅದರ ದಾರಿಯಲ್ಲಿದ್ದರೆ ಮುಗಿಯಿತು. ಆಗ ಅಜ್ಜ ಕಪ್ಪು ಹಿಡಿಯ ಚಾಕು ತೆಗೆದು, ದೋಣಿಯ ಮೂತಿಯಲ್ಲಿ ನಿಂತು, ಪ್ರಾರ್ಥನೆ ಹೇಳುತ್ತ ಗಾಳಿಯಲ್ಲಿ ಮೂರು ಸಲ ಅಡ್ಡ ಕೊಯ್ಯುತ್ತಿದ್ದ. ಬಿಳಿ ಹಿಡಿಯದ್ದು ಆಗದು, ಕಪ್ಪೇ ಆಗಬೇಕು. ಇದನ್ನು ಹೇಳಿದೆ.

"ಕಂಬ ತುಂಡಾಗ್ತಿತ್ತಾ?" ಎಂದು ಕೇಳಿದಳು, ನಗದೆ.

"ನಾನೂ ಕೇಳಿದ್ದೆ. 'ಒಂದು ಸಲ ಪ್ರಾರ್ಥನೆ ಮುಗಿಯೋದ್ರೊಳಗೆ ಹೋಯ್ತು. ಇನ್ನೊಂದು ಸಲ ನಮ್ಮ ಹಾಯಿ ಕಿತ್ಕೊಂಡು ಹೋಯ್ತು. ಮೊದಲನೇದನ್ನ ಮಾತ್ರ ಊರಲ್ಲಿ ಹೇಳು' ಅಂದಿದ್ದ."

"ನಿಮ್ಮಜ್ಜ ನಮ್ಮ ವಿಭಾಗದಲ್ಲಿ ಇರಬೇಕಿತ್ತು," ಎಂದಳು. "ಅದೂ ಇದೇ ಶಸ್ತ್ರಚಿಕಿತ್ಸೆ. ಮೋಡದ ತಳ ಒಂದು ಅಂಚು, ಸಮುದ್ರದ ಮೈ ಇನ್ನೊಂದು ಅಂಚು, ನಡುವೆ ಕೊಳವೆ."

ಪ್ರೊಫೆಸರ್ ಬುಧವಾರ ಬೆಳಿಗ್ಗೆ ಬರುವುದೆಂದಾಯಿತು. ನಮಗೆ ಒಂದು ವಾರ. ಅಧ್ಯಕ್ಷರು ಪಾರೋಸ್ ದ್ವೀಪದಲ್ಲಿದ್ದರು, ಪಂಪು ನಿಲ್ಲಿಸಲೇ ಎಂದು ಫೋನಿನಲ್ಲಿ ಕೇಳಿದೆ. "ಸೆಪ್ಟೆಂಬರ್ ಒಂದಕ್ಕೆ ನೀರು ಹಸಿರಾಗಿದ್ರೆ ನೀನೇ ಕುಡೀಬೇಕು," ಎಂದರು. ಅದನ್ನು ಒಪ್ಪಿಗೆ ಎಂದು ತಿಳಿದುಕೊಂಡೆ.

ಕೆಲಸಕ್ಕೆ ಹೊತ್ತು ಸಿಗುವುದು ಬೆಳಿಗ್ಗೆ ಹತ್ತರವರೆಗೆ ಮಾತ್ರ. ಹತ್ತರ ಮೇಲೆ ಬಡಗಣ ಗಾಳಿ ಏಳುತ್ತದೆ, ಆಗಸ್ಟಿನಲ್ಲಿ ಅದು ಸರ್ಕಾರಿ ಕಚೇರಿಗಿಂತ ಕ್ರಮವಾಗಿ ಬರುತ್ತದೆ. ಆಮೇಲೆ ನೀರಿನ ಮೈಯೆಲ್ಲ ಗೀರು. ಮೊದಲ ಕಷ್ಟ, ಕೊಳವೆಯನ್ನು ಕಾಣಿಸುವುದು. ಝಿನೋವಿಯಾ ಮಿಠಾಯಿಗೆ ಹಾಕುವ ನೀಲಿ ಬಣ್ಣ ತಂದಿದ್ದಳು. ಗುಳಿಯಲ್ಲಿ ಒಂದು ಹನಿ ಬಿಟ್ಟರೆ ಅದು ಕಲ್ಲಿನಂತೆ ನೇರವಾಗಿ ತಳಕ್ಕೆ ಇಳಿಯುತ್ತಿತ್ತು, ಗುಳಿಯನ್ನೂ ಕೆಡಿಸುತ್ತಿತ್ತು. ಮೂರು ದಿನ ಹೀಗೇ ಹೋಯಿತು.

"ಭಾರ ಜಾಸ್ತಿ ಇದಕ್ಕೆ," ಎಂದೆ. "ನೀರಿಗಿಂತ ಭಾರವೂ ಆಗಬಾರದು, ಹಗುರವೂ ಆಗಬಾರದು. ನೀರಿನ ಜೊತೆ ಹೋಗ್ಬೇಕು."

"ಗೊತ್ತು ಬಾರ್ಬಾ. ಅಂಥದ್ದು ಎಲ್ಲಿಂದ ತರಲಿ?"

ನಾನು ಪಂಪಿನ ಕೋಣೆಗೆ ಹೋಗಿ ಊಝೊ ತಂದೆ. ಬರೀ ಊಝೊ ನೀರಿಗಿಂತ ಹಗುರ. ಅದಕ್ಕೆ ಕೊಳದ್ದೇ ನೀರು ಬೆರೆಸಿದೆ, ಹಾಲಿನಂತಾಯಿತು, ಎಲ್ಲರ ಮೇಜಿನ ಮೇಲೆ ಆಗುವ ಹಾಗೆ. ಚಿಟಿಕೆ ಸಕ್ಕರೆ ಹಾಕಿ, ಒಂದು ಲೋಟ ನೀರಿನೊಳಗೆ ಹನಿ ಬಿಟ್ಟು ನೋಡಿದೆ. ಇನ್ನೊಂದು ಚಿಟಿಕೆ. ಐದನೇ ಸಲಕ್ಕೆ ಹನಿ ಏಳಲೂ ಇಲ್ಲ, ಇಳಿಯಲೂ ಇಲ್ಲ, ನಡುವೆ ನಿಂತು ಯೋಚಿಸಿತು.

ಮರುದಿನ ಬೆಳಿಗ್ಗೆ ಎಡಗುಳಿಯ ನಡುವಿಗೆ ಅದನ್ನು ಬಿಟ್ಟಾಗ, ಬಿಳಿಯ ದಾರವೊಂದು ತಿರುಗುತ್ತ ಇಳಿದು, ಬಾಗಿ, ಬಲಗುಳಿಯ ಕಡೆಗೆ ಹೊರಟಿತು. ಅರ್ಧ ದಾರಿಗೆ ಬಂದು ಮಸುಕಾಯಿತು. ಝಿನೋವಿಯಾ ಲೋಟದಲ್ಲಿ ಉಳಿದ ಊಝೊವನ್ನು ಕುಡಿದಳು, ಬೆಳಿಗ್ಗೆ ಎಂಟು ಗಂಟೆಗೆ, ಕ್ಲೋರಿನ್ ಸಮೇತ.

ಎರಡನೇ ಕಷ್ಟ, ಕತ್ತರಿಸುವುದು. ಮೇಲಿನಿಂದ ಕೋಲು ಹಾಕಿದರೆ ಕೋಲಿನ ಅಲೆಗೇ ಗುಳಿ ಕೆಡುತ್ತದೆ. ಕ್ರಿಕೋಸ್ ಅದನ್ನು ಒಪ್ಪುವವರಲ್ಲ. ಕೆಳಗಿನಿಂದಲೇ ಆಗಬೇಕು. ಯಾರಾದರೂ ಮೊದಲೇ ತಳದಲ್ಲಿ ಮಲಗಿರಬೇಕು, ಅಲುಗದೆ, ಒಂದು ಗುಳ್ಳೆಯನ್ನೂ ಬಿಡದೆ. ಗುಳಿಗಳು ತೇಲಿಕೊಂಡು ತನ್ನ ಮೇಲೆ ಬಂದಾಗ ಕೈ ಎತ್ತಿ ದಾರ ಕಡಿಯಬೇಕು. ಒಂದೂವರೆ ನಿಮಿಷದ ಉಸಿರು.

ಮನೆಯಲ್ಲಿ ಹೇಳಿದಾಗ ಸೆವಾಸ್ತಿ ಬೆಂಡೆಕಾಯಿಯ ತೊಟ್ಟು ತೆಗೆಯುವುದನ್ನು ನಿಲ್ಲಿಸಲಿಲ್ಲ. "ನಿಮ್ಮಪ್ಪ ನಲವತ್ತು ಮೀಟರು ಇಳಿದು ಬದುಕಿ ಬಂದ. ನೀವು ಮಕ್ಕಳ ಕೊಳದಲ್ಲಿ ಮುಳುಗಿ ಸತ್ರೆ ನಾನು ದ್ವೀಪಕ್ಕೆ ಹೆಣ ತಗೊಂಡು ಹೋಗಲ್ಲ, ಹೇಳಿಬಿಟ್ಟಿದೀನಿ. ಇಲ್ಲೇ ಎಲ್ಲಾದ್ರೂ ಹೂಳ್ತೀನಿ."

"ಒಂದು ಮೀಟರು ಮೂವತ್ತು ಕಣೇ ನೀರು."

"ಅದಕ್ಕೇ ನಾಚಿಕೆ."

ಮಂಗಳವಾರ ಒಮ್ಮೆ ಅಭ್ಯಾಸ ಮಾಡಿದೆವು. ಸೊಂಟಕ್ಕೆ ಸೀಸದ ಪಟ್ಟಿ ಕಟ್ಟಿಕೊಂಡು ಮಲಗಿದೆ, ಉಸಿರು ಸಾಕಾಯಿತು. ಆದರೆ ಗಾಳಿ ಅಂದು ಬೇಗ ಎದ್ದು ಗುಳಿಗಳು ನನ್ನವರೆಗೆ ಬರಲಿಲ್ಲ. "ಪರವಾಗಿಲ್ಲ," ಎಂದಳು ಝಿನೋವಿಯಾ. "ಕಡಿದ್ರೆ ಏನಾಗುತ್ತೆ ಅಂತ ಗೊತ್ತೇ ಇದೆಯಲ್ಲ. ಸಾಬೀತು ಮಾಡಿದೀನಿ. ನೀವು ಮಾತ್ರ ನಡುವೆ ಕಡೀರಿ, ಸರಿಯಾಗಿ ನಡುವೆ." ನೀರು ಮಾಡಿ ತೋರಿಸುವ ಮುಂಚೆ ಸಾಬೀತಾಯಿತು ಎನ್ನುವುದು ಅವರ ಕಸುಬಿನವರ ಅಭ್ಯಾಸ. ನಮ್ಮ ಕಸುಬಿನ ಅಭ್ಯಾಸ ಏನು ಮಾಡುತ್ತದೆಂದು ನನಗೂ ಆಗ ಗೊತ್ತಿರಲಿಲ್ಲ.

ಬುಧವಾರ ಪ್ರೊಫೆಸರ್ ಕ್ರಿಕೋಸ್ ಬಂದದ್ದು ಒಂಬತ್ತು ಇಪ್ಪತ್ತಕ್ಕೆ. ಅವರು ರಜೆಗೆ ಹೋಗಿದ್ದ ಎವಿಯಾ ದ್ವೀಪದಿಂದ ಬರುವ ಮೊದಲ ದೋಣಿ ತಡವಾಯಿತಂತೆ. ಎತ್ತರದ ಮನುಷ್ಯ, ಕಾಲಿಗೆ ಬೀಚಿನ ಚಪ್ಪಲಿ, ಕಂಕುಳಲ್ಲಿ ಪ್ರಬಂಧ. ರಜೆಯಿಂದ ಎಬ್ಬಿಸಿ ತಂದವರ ಮುಖ.

"ನೀವೇನಾ ಕತ್ತರಿ?" ಎಂದು ನನ್ನನ್ನು ಕೇಳಿದರು.

"ಚಾಕು," ಎಂದೆ. ಅಜ್ಜನ ಕಪ್ಪು ಹಿಡಿಯದೇ ತಂದಿದ್ದೆ. ಮಸೆದು ಮಸೆದು ಅದರ ಅಲಗು ಮೀನಿನ ಮುಳ್ಳಿನಷ್ಟು ಸಣ್ಣಗಾಗಿತ್ತು, ನೀರು ಕದಡುವುದಿಲ್ಲ. ಮಂತ್ರಕ್ಕಲ್ಲ.

"ನಾನು ನಂಬೋದು ಕಷ್ಟ ಅಂತ ಇವಳು ಹೇಳಿರ್ಬೇಕು."

"ಹುಲಿ ಅಂದಳು."

ಝಿನೋವಿಯಾ ತಟ್ಟೆಯ ಕಡೆಗೆ ತಿರುಗಿಕೊಂಡಳು. ಕ್ರಿಕೋಸ್ ಕುರ್ಚಿಯನ್ನು ದಡದ ಅಂಚಿಗೆ ಎಳೆದು ಕೂತರು.

ನಾನು ಮೆಲ್ಲಗೆ ನೀರಿಗಿಳಿದು ಎದೆಮಟ್ಟ ಮುಳುಗಿ ನಿಂತೆ. ನೀರು ನನ್ನನ್ನು ಮರೆಯಲಿ ಎಂದು ಎಂಟು ನಿಮಿಷ. ಝಿನೋವಿಯಾ ತಟ್ಟೆ ಎಳೆದು, ಎಡಗುಳಿಗೆ ಊಝೊ ಬಿಟ್ಟಳು. ನಾನು ಉಸಿರು ತುಂಬಿಕೊಂಡು, ನಮ್ಮವರು ಇಳಿಯುವ ಹಾಗೆ, ಮಂಡಿ ಮಡಿಸಿ ಅಲೆಯಿಲ್ಲದೆ ಕುಸಿದು ಅಂಗಾತ ಮಲಗಿದೆ.

ಕೆಳಗಿನಿಂದ ನೋಡಿದರೆ ನೀರಿನ ಮೈ ಬೆಳ್ಳಿಯ ಚಾವಣಿ. ಅದರಲ್ಲಿ ಎರಡು ಗುಳಿ ನನ್ನ ಕಾಲಿನ ಕಡೆಯಿಂದ ಬಂದವು. ಎಡಗುಳಿಯಿಂದ ಊಝೊ ಇಳಿಯುತ್ತಿತ್ತು, ಒಂದು ಗೇಣು, ಎರಡು ಗೇಣು, ನೂಲಿನಷ್ಟು ಸಣ್ಣಗೆ, ಸುತ್ತುತ್ತ. ನನ್ನ ಹೊಟ್ಟೆಯ ಮೇಲೆ ಕಪ್ಪು ನೆರಳು ಹತ್ತಿತು. ಅಷ್ಟು ಹತ್ತಿರದಿಂದ ಅದನ್ನು ಯಾರೂ ನೋಡಿರಲಾರರು. ನೀರಿನೊಳಗೆ ನೀರೇ ಹಗ್ಗ ಹೊಸೆದುಕೊಂಡಿತ್ತು. ಮುಟ್ಟಲು ಮನಸ್ಸಾಗಲಿಲ್ಲ. ಆದರೂ ಕೈ ಎತ್ತಿ ಕೊಯ್ದೆ.

ಎಡಗುಳಿ ಆ ಕ್ಷಣವೇ ಮುಚ್ಚಿಹೋಯಿತು. ಬಲಗುಳಿ ಹೋಗಲಿಲ್ಲ. ಇನ್ನೂ ಮುಂದಕ್ಕೆ ಸರಿಯಿತು, ಒಂಟಿಯಾಗಿ, ಕುಂಟುತ್ತ. ಒಂದು, ಎರಡು, ಮೂರು, ನಾಲ್ಕು ಎಣಿಸಿದೆ. ಆಮೇಲೆ ಅದೂ ಕರಗಿತು.

ಮೇಲೆದ್ದಾಗ ಝಿನೋವಿಯಾಳ ಮುಖ ಸುಣ್ಣ ಬಳಿದ ಹಾಗಿತ್ತು. ಕ್ರಿಕೋಸ್ ಪ್ರಬಂಧವನ್ನು ಮುಚ್ಚಿದರು.

"ದಾರ ಇದೆ, ಒಪ್ಪಿದೆ," ಎಂದರು. "ಆದ್ರೆ ಅದು ಎರಡನ್ನೂ ಕೂಡಿಸೋ ದಾರ ಅಲ್ಲ. ಎಡದ್ದಕ್ಕೆ ಎಡದ ಬಾಲ, ಬಲದ್ದಕ್ಕೆ ಬಲದ ಬಾಲ. ಒಂದರ ಬಾಲ ಕಡಿದಿರಿ, ಒಂದು ಹೋಯ್ತು. ಇನ್ನೊಂದು ತನ್ನ ಪಾಡಿಗೆ ತಾನು ಸ್ವಲ್ಪ ಹೊತ್ತಿಗೆ ಹೋಯ್ತು. ಒಂದೇ ಕೊಳವೆ ಆಗಿದ್ರೆ ನಿನ್ನ ಲೆಕ್ಕದ ಪ್ರಕಾರ ಒಂದೇ ಕ್ಷಣಕ್ಕೆ ಹೋಗ್ಬೇಕಿತ್ತು. ಅಲ್ವಾ?"

"ಹೌದು ಪ್ರೊಫೆಸರ್," ಎಂದಳು. ಅವಳ ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ. "ನಡುವೆ ಕಡಿದಿದೀವಿ. ಒಂದೇ ಕ್ಷಣಕ್ಕೆ ಹೋಗ್ಬೇಕಿತ್ತು."

ನಾನು ನೀರಿನಲ್ಲೇ ನಿಂತಿದ್ದೆ. ನನ್ನ ಕೈ ಏನು ಮಾಡಿತೆಂದು ನನಗೆ ಆಗ ಹೊಳೆಯಿತು. ಸ್ಪಂಜನ್ನು ನಾವು ಯಾವತ್ತೂ ನಡುವೆ ಕೊಯ್ಯುವುದಿಲ್ಲ. ಅದು ಕಚ್ಚಿಕೊಂಡ ಜಾಗದಿಂದ ಒಂದು ಗೇಣೊಳಗೆ, ಬುಡ ಉಳಿಸಿ ಕೊಯ್ಯುತ್ತೇವೆ. ಮತ್ತೆ ಚಿಗುರಲಿ ಎಂದು. ಅಪ್ಪ ನನಗೆ ಏಳು ವರ್ಷವಿದ್ದಾಗ ಕೈ ಮೇಲೆ ಹೊಡೆದು ಕಲಿಸಿದ್ದು. ತಲೆಗೆ ನಡು ಎಂದು ಹೇಳಿದ್ದರೂ ಕೈ ತನ್ನ ಪಾಠ ಒಪ್ಪಿಸಿತ್ತು.

ಹೇಳಬೇಕೋ ಬೇಡವೋ ಎಂದು ಒಂದು ಉಸಿರಿನಷ್ಟು ಹೊತ್ತು ಯೋಚಿಸಿದೆ. ಹೇಳಿದರೆ, ಸಾಕ್ಷಿಗೆ ತಂದ ಕತ್ತರಿಯೇ ಸೊಟ್ಟ ಎಂದಾಗುತ್ತದೆ. ಹೇಳದಿದ್ದರೆ ಅವಳ ಆರು ವರ್ಷ ಈಗಲೇ ಮುಗಿಯುತ್ತದೆ.

"ನಡುವೆ ಅಲ್ಲ," ಎಂದೆ. "ತಪ್ಪು ನಂದು. ಎಡಗುಳಿಯಿಂದ ಒಂದು ಗೇಣು ಕೆಳಗೆ ಕೊಯ್ದೆ."

"ಬಾರ್ಬಾ!" ಎಂದಳು ಝಿನೋವಿಯಾ.

"ಸ್ಪಂಜಿನ ಕೈ ಮಗಳೇ. ಏನ್ ಮಾಡಲಿ."

ಕ್ರಿಕೋಸ್ ನನ್ನನ್ನೇ ನೋಡಿದರು. "ಎಲ್ಲಿ ಕೊಯ್ದರೆ ಏನಂತೆ? ಅವಳ ಅಧ್ಯಾಯ ಎಲ್ಲೇ ಕೊಯ್ದರೂ ಒಂದೇ ಅನ್ನುತ್ತೆ."

"ಅಧ್ಯಾಯ ನಾನು ಓದಿಲ್ಲ. ನಂಗೆ ಹಗ್ಗ ಗೊತ್ತು. ನಾನು ತಳದಲ್ಲಿದ್ದಾಗ ಮೇಲೆ ದೋಣಿಯಲ್ಲಿ ಒಬ್ಬ ಹಗ್ಗ ಹಿಡಿದಿರ್ತಿದ್ದ. ಹಗ್ಗ ನನ್ನ ಕೈ ಹತ್ರ ಕಡಿದ್ರೆ ನಂಗೆ ತಕ್ಷಣ ಗೊತ್ತಾಗುತ್ತೆ, ಅವನಿಗೆ ಸ್ವಲ್ಪ ತಡ. ಅಂದ್ರೆ ಹಗ್ಗ ಎರಡು ಅಂತಲ್ಲ. ಸುದ್ದಿ ನಡ್ಕೊಂಡು ಹೋಗ್ಬೇಕಲ್ವಾ?"

ಬೇಲಿಯ ಆಚೆ ಪೈನ್ ಮರದ ತುದಿ ಒಮ್ಮೆ ಅಲುಗಿತು. ಗಂಟೆ ಹತ್ತಕ್ಕೆ ಹತ್ತು ನಿಮಿಷ.

"ಇನ್ನೊಂದು ಸಲ ಇಳೀತೀರಾ?" ಎಂದು ಕೇಳಿದರು ಕ್ರಿಕೋಸ್. "ನಡುವೆ?"

"ಬೇಡ," ಎಂದಳು ಝಿನೋವಿಯಾ. "ತುಟಿ ನೀಲಿಯಾಗಿದೆ ಇವರದ್ದು."

"ನೀಲಿ ಮೊದಲಿಂದಲೂ ಇದೆ. ತಟ್ಟೆ ತಗೋ. ಬಿಳಿ ತಳದವರೆಗೆ ಬರಲಿ, ಆಮೇಲೆ ನನ್ನ ಮೇಲೆ ಬರಲಿ. ಅವಸರ ಮಾಡ್ಬೇಡ," ಎಂದೆ.

ಈ ಸಲ ನೀರು ಪೂರ್ತಿ ಶಾಂತವಾಗಲು ಕಾಯುವಷ್ಟು ಹೊತ್ತಿರಲಿಲ್ಲ. ಮಲಗಿದೆ. ಗುಳಿಗಳು ನಿಧಾನವಾಗಿ ಬಂದವು, ಮೊದಲಿಗಿಂತ ನಿಧಾನ. ಎಪ್ಪತ್ತು ಎಣಿಸುವಾಗ ಎದೆ ಒದೆಯತೊಡಗಿತು. ಚಾವಣಿಯ ಒಂದು ಮೂಲೆಯಲ್ಲಿ ಗಾಳಿಯ ಗೀರು ಕಾಣಿಸಿತು. ಬಿಳಿ ದಾರ ಬಾಗಿನ ತಳಕ್ಕೆ ಬಂದು ಅಲ್ಲಿಂದ ಮೇಲಕ್ಕೆ ತಿರುಗುವುದನ್ನು ಕಂಡೆ. ಅಲ್ಲಿಗೆ ಅಲಗಿನ ತುದಿ ತಂದು, ಇನ್ನೊಂದು ಕೈಯಿಂದ ನನ್ನ ಮಣಿಕಟ್ಟನ್ನು ಹಿಡಿದುಕೊಂಡು, ಕೊಯ್ದೆ.

ಎರಡೂ ಹೋದವು. ಯಾವುದು ಮೊದಲು ಎಂದು ಕೇಳಿದರೆ ನಾನು ದೇವರಾಣೆಗೂ ಹೇಳಲಾರೆ.

ಎದ್ದು ದಡಕ್ಕೆ ಒರಗಿ ಕೆಮ್ಮಿದೆ. ನನ್ನ ಹಿಂದೆಯೇ ಗಾಳಿ ಬಂದು ಕೊಳವನ್ನೆಲ್ಲ ಕೆರೆಯಿತು, ಅಂದಿಗೆ ಮುಗಿಯಿತು. ಕ್ರಿಕೋಸ್ ಚಪ್ಪಲಿ ಬಿಟ್ಟು ಮೆಟ್ಟಿಲ ಮೇಲೆ ನೀರಿನಲ್ಲಿ ಕಾಲಿಟ್ಟುಕೊಂಡು ಕೂತಿದ್ದರು. ಝಿನೋವಿಯಾ ಅವರ ಪಕ್ಕದಲ್ಲಿ.

"ಕೊಳವೆ ಒಂದೇ," ಎಂದರು. "ನೀರಿನಲ್ಲಿದೆ. ಪೆನ್ಸಿಲಿನ ಮಾತು ವಾಪಸ್ ತಗೊಂಡೆ."

ಝಿನೋವಿಯಾ ಹೌದೆಂದು ತಲೆಯಾಡಿಸಿದಳು, ಆದರೆ ಅವಳು ಖುಷಿಯಾದ ಹಾಗೆ ಕಾಣಲಿಲ್ಲ. ಅವಳು ಬುದ್ಧಿವಂತೆ, ಮುಂದಿನ ಮಾತು ಅವಳಿಗೆ ಆಗಲೇ ಕಂಡಿತ್ತು.

"ಎಲ್ಲಿ ಕಡಿದ್ರೂ ಆಕಾರಕ್ಕೆ ಒಂದೇ," ಎಂದಳು. "ಕೊಳವೆ ಕಡಿದು ಎರಡು ಬಾಯಿ ಮುಚ್ಚೋದು, ಅಷ್ಟೇ. ಕಾಗದದ ಮೇಲೆ ಅದಕ್ಕೆ ಹೊತ್ತೇ ಹಿಡಿಯಲ್ಲ."

"ಕಾಗದಕ್ಕೆ ಒಂದೇ. ನೀರಿಗೆ ಒಂದೇ ಅಲ್ಲ. ಕತ್ತರಿಸೋದಕ್ಕೂ ಮುಚ್ಚೋದಕ್ಕೂ ನಡುವೆ ಏನಾಗುತ್ತೆ ಅಂತ ತಾನೇ ನೀನು ಪ್ರಬಂಧ ಶುರು ಮಾಡಿದ್ದು? ಐದನೇ ಅಧ್ಯಾಯಕ್ಕೆ ಬರೋ ಹೊತ್ತಿಗೆ ಆ ನಡುವನ್ನೇ ಮರೆತೆ."

"ಅದು ಅಚ್ಚಿಗೆ ಹೋಗಿದೆ ಪ್ರೊಫೆಸರ್."

"ಗೊತ್ತು. ಹಾಗೇ ಇಟ್ಟುಕೋ, ನಾನು ಸಹಿ ಹಾಕಲ್ಲ. ಹೊಸಬರು ಯಾರಾದ್ರೂ ಬಂದು ಗಮನಿಸದೆ ಹಾಕಬಹುದು. ತೆಗೆದುಹಾಕು, ಎಲ್ಲಿ ಕಡಿದರೆ ಎಷ್ಟು ತಡ ಅಂತ ಅಳೆದು ಬರಿ. ಮಂಗಳವಾರ ಬರ್ತೀನಿ."

"ಆರು ದಿನ."

"ಗಾಳಿ ಬರೋವರೆಗೆ ದಿನಕ್ಕೆ ಎರಡು ಗಂಟೆ," ಎಂದೆ ನಾನು. "ಉಳಿದ ಹೊತ್ತು ಬರಿ."

ಅವಳು ನಲವತ್ತು ಪುಟಗಳನ್ನು ಪ್ರಬಂಧದಿಂದ ಬಿಡಿಸಿ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದಳು. ಚೆಂದದ ಪುಟಗಳು, ಚಿತ್ರಗಳು ನನಗೂ ಇಷ್ಟವಾಗಿದ್ದವು. ನಾನು ಏನೂ ಹೇಳಲಿಲ್ಲ. ಸ್ಪಂಜು ಕೊಳೆತ ವರ್ಷ ನನಗೂ ಯಾರಾದರೂ ಏನಾದರೂ ಹೇಳಿದ್ದು ನೆನಪಿಲ್ಲ, ಹೇಳಿದ್ದರೂ ಕೇಳುತ್ತಿರಲಿಲ್ಲ.

ಮರುದಿನ ಏಳೂವರೆಗೆ ಗೇಟಿನಲ್ಲಿ ನಿಂತಿದ್ದಳು, ಕೈಯಲ್ಲಿ ಗಡಿಯಾರ, ಎರಡು ಕುಲೂರಿ.

ಐದು ಬೆಳಿಗ್ಗೆ ಕೊಯ್ದೆವು. ಭಾನುವಾರವೂ ಬಿಡಲಿಲ್ಲ, ಅಂದು ಸೆವಾಸ್ತಿ ಚರ್ಚಿನಲ್ಲಿ ನನ್ನ ಪಾಲಿನ ಮೇಣದಬತ್ತಿಯನ್ನೂ ತಾನೇ ಹಚ್ಚಿ ಬಂದು, ದಡದಲ್ಲಿ ಕೂತು ನನ್ನ ಉಸಿರು ಎಣಿಸಿದಳು. ಎಪ್ಪತ್ತೈದು ದಾಟಿದರೆ ಪೊರಕೆಯಿಂದ ನೀರಿಗೆ ಬಡಿಯುವುದೆಂದು ನಿಯಮ. ಎರಡು ಸಲ ಬಡಿದಳು, ಆ ಎರಡು ಲೆಕ್ಕಕ್ಕೆ ಬರಲಿಲ್ಲ. ಒಟ್ಟು ಮೂವತ್ತೊಂದು ಕೊಯ್ತ. ತುದಿಗೆ ಹತ್ತಿರ ಕೊಯ್ದರೆ ಆಚೆಯ ಗುಳಿ ನಾಲ್ಕು ಐದು ಎಣಿಕೆ ಉಳಿಯುತ್ತಿತ್ತು. ನಡುವಿಗೆ ಬಂದಷ್ಟೂ ಅಂತರ ಕಡಿಮೆ. ಒಂದು ಗುಳಿ ಹೋದ ಮೇಲೆ ಇನ್ನೊಂದು ಉಳಿದುಕೊಂಡದ್ದು ಒಮ್ಮೆಯೂ ಇಲ್ಲ.

ಮಂಗಳವಾರ ಕ್ರಿಕೋಸ್ ಬಂದು, ಕ್ಲೋರಿನ್ ಡ್ರಮ್ಮಿನ ಮೇಲೆ ಹಾಳೆಗಳನ್ನಿಟ್ಟು ಓದಿ, ಎರಡು ಕಡೆ ತಿದ್ದಿ, ಸಹಿ ಹಾಕಿದರು.

ಝಿನೋವಿಯಾ ನವೆಂಬರಿನಲ್ಲಿ ಡಾಕ್ಟರ್ ಆದಳು. ನಲವತ್ತು ಪುಟದ ಜಾಗದಲ್ಲಿ ಒಂಬತ್ತು ಪುಟ ಇದೆ. ಪತ್ರಿಕೆಗೆ ತಾನೇ ಬರೆದು ಲೇಖನವನ್ನು ಹಿಂದಕ್ಕೆ ಪಡೆದಳು. ಅದರ ಬಲದ ಮೇಲೆ ಬರಬೇಕಾಗಿದ್ದ ಹೊರದೇಶದ ಕೆಲಸ ಬರಲಿಲ್ಲ. ಈಗ ಪಾತ್ರಾ ನಗರದಲ್ಲಿ ಕಾಲೇಜು ಮಕ್ಕಳಿಗೆ ಪಾಠ ಹೇಳುತ್ತಾಳೆ, ಸಂಬಳ ಕಡಿಮೆ. ನನಗೆ ಹತ್ತು ಕಿಲೋ ಕ್ಲೋರಿನ್ ಮತ್ತು ಮೂರು ದಿನದ ಬೆನ್ನುನೋವು ಖರ್ಚಾಯಿತು. ಸೆಪ್ಟೆಂಬರ್ ಒಂದಕ್ಕೆ ನೀರು ತಿಳಿಯಾಗಿತ್ತು.